ಹರ್ಷಿ ಬೇರ್ಸ್ ಕ್ವಿಜ್ ರೌಂಡ್: ಸ್ಥಾಪನೆ 1932 ಅಥವಾ 1938? ಪ್ರಶ್ನೆ ನೋಡಿ ತಿದ್ದಿಕೊಡ್ರಿ

ಉಣಕಲ್_ಕ್ವಿಜ್ (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿಯೊಳಗ ಅಂತರ ಕಾಲೇಜು ಕ್ರೀಡಾ ಕ್ವಿಜ್ ಐತಿ. ಅದರಾಗ ಒಂದು ರೌಂಡ್ ಪೂರ್ತಿ ಒಂದೇ ತಂಡದ ಇತಿಹಾಸದ ಮ್ಯಾಲೆ ಇರತೈತಿ. ಈ ಸಲ ಅಮೆರಿಕದ ಐಸ್ ಹಾಕಿ ಇಟ್ಟೇವಿ. ದೊಡ್ಡ ಲೀಗ್ ಎನ್‌ಎಚ್‌ಎಲ್ ಬ್ಯಾಡಂತ ಬಿಟ್ಟು, ಅದರ ಕೆಳಗಿನ ಅಮೆರಿಕನ್ ಹಾಕಿ ಲೀಗ್, ಅಂದ್ರ ಎಎಚ್‌ಎಲ್‌ನ ಹರ್ಷಿ ಬೇರ್ಸ್ ತಂಡ ತಗೊಂಡೇವಿ. ಪೆನ್ಸಿಲ್ವೇನಿಯಾದಾಗ ಚಾಕೊಲೇಟ್ ಫ್ಯಾಕ್ಟರಿ ಇರೋ ಅದೇ ಹರ್ಷಿ ಊರಿನ ತಂಡ.

ಗದಗ-ಬೆಟಗೇರಿ ಕಡೆಯಿಂದ ಬರೋ ಹುಡುಗ್ರು ಹಾಕಿ ಆಡಿದವರು. ಉತ್ತರ ಸ್ವಲ್ಪ ಹೆಚ್ಚುಕಮ್ಮಿ ಇದ್ರ ಅಲ್ಲೇ ಎದ್ದು ಚಾಲೆಂಜ್ ಮಾಡ್ತಾರ. ಅದಕ್ಕ ಕರಡು ಪ್ರಶ್ನಿ ಇಲ್ಲಿ ಹಾಕೇನಿ.

1. ಹರ್ಷಿ ಬೇರ್ಸ್ ಸ್ಥಾಪನೆ ಆದ ವರ್ಷ? (1938. ಬ್ಯಾರೆ ಕಡೆ 1932 ಅಂತನೂ ಸಿಗತೈತಿ)
2. ಎಎಚ್‌ಎಲ್‌ನ ಅತಿ ಹಳೇ ಫ್ರಾಂಚೈಸ್ ಯಾವುದು? (ಹರ್ಷಿ ಬೇರ್ಸ್)
3. ಬೇರ್ಸ್ ಎಷ್ಟು ಸಲ ಕಾಲ್ಡರ್ ಟ್ರೋಫಿ ಗೆದ್ದಾರ? (11)
4. ಬೇರ್ಸ್ ತಂಡದ ಮಾಲೀಕರು ಯಾರು? (ವಾಷಿಂಗ್ಟನ್ ಕ್ಯಾಪಿಟಲ್ಸ್)
5. ಟೆಡ್ಡಿ ಬೇರ್ ಎಸೆಯೋ ಪಂದ್ಯದ ದಾಖಲೆ ಎಷ್ಟು? (67,309)
6. 1962ರಾಗ ಹರ್ಷಿಯ ಐಸ್ ಹಾಕಿ ಅರೀನಾದೊಳಗ ಆದ ಜಗತ್ಪ್ರಸಿದ್ಧ ದಾಖಲೆ ಯಾವುದು? (ವಿಲ್ಟ್ ಚೇಂಬರ್ಲಿನ್ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಾಗ 100 ಪಾಯಿಂಟ್)

ಇನ್ನ ನಾಕೈದು ಪ್ರಶ್ನಿ ಬೇಕು. ಫೋಟೋ ರೌಂಡಿಗೆ ಬರ್ಫ ಸಪಾಟ ಮಾಡೋ ಜಾಂಬೋನಿ ಗಾಡಿ ಇಟ್ಟು, "1936ರಾಗ ಹೊಸಾ ಅರೀನಾ ಶುರುವಾದಾಗ ಮೈದಾನ ಸಾಫ್ ಮಾಡಿದ ಈ ಯಂತ್ರ ಯಾವುದು" ಅಂತ ಕೇಳೋ ವಿಚಾರ ಐತಿ. ತಿಳಿದವರು ನೋಡಿ ಹೇಳ್ರಿ.

ನೀಲಿಗೆರೆ (ಧಾರವಾಡ)

ಆರನೆಯದು ಮಾತ್ರ ಇದ್ದ ಹಾಗೆ ನಡೆಯುತ್ತದೆ. ಉಳಿದ ಐದರಲ್ಲಿ ಕೆಲವಕ್ಕೆ ಉತ್ತರ ತಪ್ಪು, ಕೆಲವಕ್ಕೆ ಪ್ರಶ್ನೆಯೇ ಸಡಿಲ.

ಮೈನರ್ ಲೀಗ್ ತಂಡದ ಇತಿಹಾಸ ಹಿಡಿಯುವಾಗ ನಾಲ್ಕು ಎಳೆ ಬಿಡಿಸಿಕೊಳ್ಳಬೇಕು: ಊರು, ಹೆಸರು, ಲೀಗ್‌ನಲ್ಲಿ ಆಡುವ ಹಕ್ಕು ಅಂದರೆ ಫ್ರಾಂಚೈಸ್, ಮತ್ತೆ ಮೇಲಿನ ಎನ್‌ಎಚ್‌ಎಲ್ ತಂಡದ ಜೊತೆಗಿನ ಒಪ್ಪಂದ. ಎನ್‌ಎಚ್‌ಎಲ್‌ನಲ್ಲಿ ಮೊದಲ ಮೂರು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ. ಕೆಳಗಿನ ಲೀಗ್‌ಗಳಲ್ಲಿ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತದೆ. ಅಂತರ್ಜಾಲದಲ್ಲಿ ಎರಡೆರಡು ಇಸವಿ ಸಿಗುವುದಕ್ಕೆ ಕಾರಣ ಇಷ್ಟೇ: ಒಬ್ಬರು ಊರಿನ ಇತಿಹಾಸ ಬರೆದಿರುತ್ತಾರೆ, ಇನ್ನೊಬ್ಬರು ಫ್ರಾಂಚೈಸ್‌ನದು.

ಮೊದಲ ಪ್ರಶ್ನೆಗೆ ಬರೋಣ. 1931ರಲ್ಲಿ ಹರ್ಷಿ ಊರಿನ ಐಸ್ ಪ್ಯಾಲೇಸ್‌ನಲ್ಲಿ ಹವ್ಯಾಸಿ ಪಂದ್ಯ ನಡೆದು ಜನ ಚೆನ್ನಾಗಿ ಸೇರಿದರು. ಅದನ್ನು ನೋಡಿ ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಷಿ ಮತ್ತು ಅವರ ಮನರಂಜನಾ ವಿಭಾಗದ ಮುಖ್ಯಸ್ಥ ಜಾನ್ ಸೋಲೆನ್‌ಬರ್ಗರ್ 1932ರಲ್ಲಿ ಕಾಯಂ ತಂಡ ಕಟ್ಟಿದರು. ಆಗಿನ ಹೆಸರು ಹರ್ಷಿ ಬಾರ್ಸ್, ಆಡಿದ್ದು ಟ್ರೈ-ಸ್ಟೇಟ್ ಲೀಗ್‌ನಲ್ಲಿ. 1933ರಲ್ಲಿ ಈಸ್ಟರ್ನ್ ಅಮೆಚೂರ್ ಹಾಕಿ ಲೀಗ್ ಶುರುವಾದಾಗ ಅಲ್ಲಿಗೆ ಹೋದರು. ಒಂದು ಸೀಸನ್ 'ಚಾಕೊಲೇಟ್ ಬಾರ್ಸ್' ಅಂತಲೇ ಕರೆಸಿಕೊಂಡರು. ಹೆಸರು ಚಾಕೊಲೇಟಿನ ಜಾಹೀರಾತಿನ ಹಾಗಿದೆ ಎಂದು ಪತ್ರಕರ್ತರು ಆಕ್ಷೇಪ ಎತ್ತಿದ ಮೇಲೆ 1936ರಲ್ಲಿ ಅದು ಬೇರ್ಸ್ ಆಯಿತು. 1936, 1937, 1938, ಮೂರು ವರ್ಷ ಸತತ ಆ ಹವ್ಯಾಸಿ ಲೀಗ್ ಗೆದ್ದರು. 1938ರಲ್ಲಿ ವೃತ್ತಿಪರ ಲೀಗ್‌ಗೆ ಕಾಲಿಟ್ಟರು.

ಅಂದರೆ ಊರಿನಲ್ಲಿ ಕಾಯಂ ತಂಡ 1932ರಿಂದ, ಈಗಿನ ಹೆಸರು 1936ರಿಂದ, ವೃತ್ತಿಪರ ಆಟ 1938ರಿಂದ. "ಸ್ಥಾಪನೆ ಯಾವಾಗ" ಎಂದು ಬರಿದೇ ಕೇಳಿದರೆ ಮೂರಕ್ಕೂ ವಾದ ಹೂಡಬಹುದು. "ವೃತ್ತಿಪರ ಲೀಗ್‌ನಲ್ಲಿ ಮೊದಲ ಸೀಸನ್ ಯಾವುದು" ಎಂದು ಕೇಳಿ, ಉತ್ತರ 1938-39 ಎಂದು ಬರೆದುಕೊಳ್ಳಿ.

ಇದರ ಒಳಗೇ ಇನ್ನೊಂದು ಗುಂಡಿ ಇದೆ. 1938ರಲ್ಲಿ ಎಎಚ್‌ಎಲ್ ಎಂಬ ಹೆಸರಿನ ಲೀಗ್ ಇರಲಿಲ್ಲ. 1936ರಲ್ಲಿ ಎರಡು ಲೀಗ್‌ಗಳು ಸೊರಗಿ ಒಂದಕ್ಕೊಂದು ಆಸರೆಯಾಗಿ ಜಂಟಿ ವೇಳಾಪಟ್ಟಿ ಮಾಡಿಕೊಂಡವು: ಕೆನೇಡಿಯನ್-ಅಮೆರಿಕನ್ ಮತ್ತು ಇಂಟರ್‌ನ್ಯಾಷನಲ್. 1938ರಲ್ಲಿ ಪೂರ್ಣ ವಿಲೀನವಾಗಿ ಇಂಟರ್‌ನ್ಯಾಷನಲ್-ಅಮೆರಿಕನ್ ಹಾಕಿ ಲೀಗ್ ಆಯಿತು. ಅದೇ ವರ್ಷ ಹರ್ಷಿ ಎಂಟನೆಯ ತಂಡವಾಗಿ ಸೇರಿತು. 'ಅಮೆರಿಕನ್ ಹಾಕಿ ಲೀಗ್' ಎಂಬ ಹೆಸರು ಬಂದದ್ದು 1940ರಲ್ಲಿ. ಲೀಗ್ ತನ್ನ ವಯಸ್ಸನ್ನು 1936-37ರಿಂದ ಎಣಿಸುತ್ತದೆ, ಹಾಗಾಗಿ "1938ರಲ್ಲಿ ಎಎಚ್‌ಎಲ್ ಸೇರಿತು" ಎಂದು ಬರೆಯುವುದು ರೂಢಿಯಲ್ಲಿದೆ, ತಪ್ಪೇನಲ್ಲ. ಆದರೆ "1938ರಲ್ಲಿ ಹರ್ಷಿ ಸೇರಿದ ಲೀಗ್‌ನ ಆಗಿನ ಹೆಸರೇನು" ಎಂದು ಕೇಳಿದರೆ ಕಠಿಣ ಮಟ್ಟದ ಒಳ್ಳೆಯ ಪ್ರಶ್ನೆ.

ಎರಡನೆಯ ಪ್ರಶ್ನೆ ಪಕ್ಕಾ ಚಾಲೆಂಜ್‌ಗೆ ಬೀಳುತ್ತದೆ. ಫ್ರಾಂಚೈಸ್ ಲೆಕ್ಕದಲ್ಲಿ ಹರ್ಷಿಗಿಂತ ಹಳೆಯದು ಹಾರ್ಟ್‌ಫರ್ಡ್ ವುಲ್ಫ್ ಪ್ಯಾಕ್. ಅದು ಹುಟ್ಟಿದ್ದು 1926ರಲ್ಲಿ, ಪ್ರಾವಿಡೆನ್ಸ್ ರೆಡ್ಸ್ ಎಂಬ ಹೆಸರಿನಲ್ಲಿ. ಆಮೇಲೆ ಬಿಂಗಮ್ಟನ್ ಊರಿಗೆ ಹೋಗಿ, 1997ರಲ್ಲಿ ಹಾರ್ಟ್‌ಫರ್ಡ್‌ಗೆ ಬಂತು. ಊರು ಬದಲಾಯಿತು, ಹೆಸರು ಮತ್ತೆ ಮತ್ತೆ ಬದಲಾಯಿತು, ಹಕ್ಕು ಅದೇ. ಸ್ಪ್ರಿಂಗ್‌ಫೀಲ್ಡ್ ಇಂಡಿಯನ್ಸ್ ಕಥೆಯೂ ಹೀಗೆಯೇ: ಅದೂ 1926ರದು. 1994ರಲ್ಲಿ ವುಸ್ಟರ್, 2005ರಲ್ಲಿ ಪಿಯೋರಿಯಾ, 2013ರಲ್ಲಿ ಯೂಟಿಕಾ, 2021ರಲ್ಲಿ ಕೆನಡಾದ ಆಬಟ್ಸ್‌ಫರ್ಡ್. ತಮಾಷೆ ಏನೆಂದರೆ ಯೂಟಿಕಾ ಕಾಮೆಟ್ಸ್ ಎಂಬ ಹೆಸರು ಯೂಟಿಕಾದಲ್ಲೇ ಉಳಿಯಿತು. ಬಿಂಗಮ್ಟನ್‌ನಿಂದ ಬಂದ ಬೇರೊಂದು ಫ್ರಾಂಚೈಸ್ ಅದೇ ಹೆಸರಲ್ಲಿ ಆಡುತ್ತಿದೆ. ಹಾಗಾಗಿ 2020ರ ಯೂಟಿಕಾ ಕಾಮೆಟ್ಸ್ ಮತ್ತು 2022ರ ಯೂಟಿಕಾ ಕಾಮೆಟ್ಸ್ ಕಾಗದದ ಮೇಲೆ ಎರಡು ಬೇರೆ ತಂಡ.

ಹರ್ಷಿಯ ಹೆಗ್ಗಳಿಕೆ ಬೇರೆ. 1938ರಿಂದ ಇವತ್ತಿನವರೆಗೆ ಅದೇ ಊರು, ಅದೇ ಹೆಸರು, ಅದೇ ಲೀಗ್. ಎಎಚ್‌ಎಲ್‌ನಲ್ಲಿ ಇಷ್ಟು ಕಾಲ ಹೀಗೆ ಉಳಿದ ತಂಡ ಇನ್ನೊಂದಿಲ್ಲ. ಪ್ರಶ್ನೆಯಲ್ಲಿ "ಊರು ಮತ್ತು ಹೆಸರು ಬದಲಾಯಿಸದೆ" ಎಂಬ ನಾಲ್ಕು ಪದ ಸೇರಿಸಿದರೆ ಸಾಕು.

ಮೂರನೆಯದರಲ್ಲಿ ಉತ್ತರವೇ ಹಳತು. 11 ಎಂಬುದು 2010ರ ಲೆಕ್ಕ. 2023, 2024 ಸೇರಿ ಈಗ 13: 1947, 1958, 1959, 1969, 1974, 1980, 1988, 1997, 2006, 2009, 2010, 2023, 2024. ಜೊತೆಗೆ ಅದನ್ನು ಕಾಲ್ಡರ್ 'ಟ್ರೋಫಿ' ಎನ್ನಬೇಡಿ, ಎಎಚ್‌ಎಲ್ ಗೆದ್ದ ತಂಡಕ್ಕೆ ಕೊಡುವುದು ಕಾಲ್ಡರ್ ಕಪ್. ಕಾಲ್ಡರ್ ಟ್ರೋಫಿ ಎಂದರೆ ಎನ್‌ಎಚ್‌ಎಲ್‌ನಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನಿಗೆ ಕೊಡುವ ಪ್ರಶಸ್ತಿ. ಎರಡೂ ಎನ್‌ಎಚ್‌ಎಲ್‌ನ ಮೊದಲ ಅಧ್ಯಕ್ಷ ಫ್ರಾಂಕ್ ಕಾಲ್ಡರ್ ಹೆಸರಿನವು. ಇಸವಿಯನ್ನು ಫೈನಲ್ ನಡೆದ ವರ್ಷದಿಂದ ಬರೆಯಿರಿ. ಸೀಸನ್ ಅಕ್ಟೋಬರ್‌ನಲ್ಲಿ ಶುರುವಾಗಿ ಬೇಸಿಗೆಗೆ ಮುಗಿಯುವುದರಿಂದ, 1946-47 ಸೀಸನ್‌ನ ಕಪ್ಪನ್ನು 1946 ಎಂದು ಬರೆದು ಕೆಡುವ ಪಟ್ಟಿಗಳು ಬೇಕಾದಷ್ಟಿವೆ.

ರಾಯಾಪುರ_ಬೆಂಚ್ (ಧಾರವಾಡ)

ನಾಕನೇ ಪ್ರಶ್ನಿ ನಾ ತಗೋತೀನಿ.

ಕ್ಯಾಪಿಟಲ್ಸ್ ಮಾಲೀಕರಲ್ರಿ. ಬೇರ್ಸ್ ತಂಡ ಹರ್ಷಿ ಎಂಟರ್‌ಟೇನ್‌ಮೆಂಟ್ ಅಂಡ್ ರೆಸಾರ್ಟ್ಸ್ ಕಂಪನೀದು. ಊರಾಗಿನ ಅಮ್ಯೂಸ್‌ಮೆಂಟ್ ಪಾರ್ಕ್, ಹೋಟೆಲ್, ಅರೀನಾ ಎಲ್ಲಾ ನಡಸೋರು ಅವರ. ಕ್ಯಾಪಿಟಲ್ಸ್ ಜೊತಿ ಇರೋದು ಒಪ್ಪಂದ ಮಾತ್ರ. ಒಪ್ಪಂದ ಬದಲಾಗತೈತಿ, ಮಾಲೀಕತ್ವ ಬದಲಾಗೂದಿಲ್ಲ. ಈಚಿನ ಸಾಲು ಹಿಂಗೈತಿ: 1977ರಿಂದ 84 ವಾಷಿಂಗ್ಟನ್ ಕ್ಯಾಪಿಟಲ್ಸ್, 1984ರಿಂದ 96 ಫಿಲಡೆಲ್ಫಿಯಾ ಫ್ಲೈಯರ್ಸ್, 1996ರಿಂದ 2005 ಕೊಲರಾಡೊ ಅವಲಾಂಚ್, 2005ರಿಂದ ಮತ್ತ ವಾಷಿಂಗ್ಟನ್. ಫ್ಲೈಯರ್ಸ್ ಬಿಟ್ಟು ಹೋಗಿದ್ದು ಯಾಕಂದ್ರ ಅವರು 1996ರಾಗ ತಮ್ಮ ಊರಾಗ ತಮ್ಮದ ಆದ ಎಎಚ್‌ಎಲ್ ತಂಡ, ಫಿಲಡೆಲ್ಫಿಯಾ ಫ್ಯಾಂಟಮ್ಸ್, ಶುರು ಮಾಡಿದ್ರು. ಕೊಲರಾಡೊ ಜೊತಿಗೆ ಬಂದ ಮೊದಲನೇ ಸೀಸನ್ನಿನ್ಯಾಗ, 1997ರಾಗ, ಬೇರ್ಸ್ ಕಪ್ ಗೆದ್ದರು. ಕೋಚ್ ಬಾಬ್ ಹಾರ್ಟ್ಲಿ. ಅವರು ಮುಂದ 2001ರಾಗ ಕೊಲರಾಡೊಕ್ಕ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆಲ್ಲಿಸಿಕೊಟ್ಟರು.

ಒಪ್ಪಂದ ಅಂದ್ರ ಒಳಗ ಏನಿರತೈತಿ? ಎನ್‌ಎಚ್‌ಎಲ್ ತಂಡದ ರೋಸ್ಟರ್‌ನ್ಯಾಗ 23 ಮಂದಿಗೆ ಜಾಗ, ಆದ್ರ 50ರ ತನಕ ಆಟಗಾರರ ಜೊತಿ ಕರಾರು ಮಾಡಬಹುದು. ಮ್ಯಾಲೆ ಜಾಗ ಸಿಗದೇ ಇದ್ದವರಲ್ಲಿ ಬಾಳ ಮಂದಿ ಎಎಚ್‌ಎಲ್‌ಗೆ ಬರತಾರ. ಅವರ ಕರಾರು ಬಾಳಷ್ಟು ಸಲ 'ಟೂ-ವೇ' ಇರತೈತಿ: ಮ್ಯಾಲೆ ಇದ್ದ ದಿನಕ್ಕ ಒಂದು ಪಗಾರ, ಕೆಳಗ ಇದ್ದ ದಿನಕ್ಕ ಬ್ಯಾರೆ ಪಗಾರ. ಇದರ ಹೊರತಾಗಿ ಬೇರ್ಸ್ ತಾವ ಕರಾರು ಮಾಡ್ಕೊಂಡ ಆಟಗಾರರೂ ಇರತಾರ. ಅವರು ಕ್ಯಾಪಿಟಲ್ಸ್‌ಗೆ ಸೇರಿದವರಲ್ಲ, ಎನ್‌ಎಚ್‌ಎಲ್ ಕರಾರು ಆಗೋ ತನಕ ಮ್ಯಾಲೆ ಆಡಸಾಕ ಬರೂದಿಲ್ಲ. ಕೈಯಾಗ ಆಟಗಾರರು ಕಡಿಮಿ ಬಿದ್ರ ಟ್ರೈ-ಔಟ್ ಕರಾರು ಐತಿ, ಒಂದಕ್ಕ 25 ಪಂದ್ಯದ ಮಿತಿ.

ಮ್ಯಾಲಿಂದ ಕೆಳಗ ಕಳಸೋದು ಅಂದ್ರ ಫೋನ್ ಮಾಡಿ ಬಸ್ ಹತ್ತಿಸಿದಂಗಲ್ಲ. ಅನುಭವಿ ಆಟಗಾರನ್ನ ಕಳಸಬೇಕಂದ್ರ ಮೊದಲ ವೇವರ್ಸ್‌ಗೆ ಹಾಕಬೇಕು. 24 ತಾಸಿನೊಳಗ ಬ್ಯಾರೆ ಯಾವ ಎನ್‌ಎಚ್‌ಎಲ್ ತಂಡ ಬೇಕಾದ್ರೂ ಅವನ್ನ ಎತ್ತಿಕೊಂಡು ಹೋಗಬಹುದು. ಹೊಸಬರಿಗೆ, ವಯಸ್ಸು ಮತ್ತ ಆಡಿದ ಪಂದ್ಯದ ಲೆಕ್ಕದ ಮ್ಯಾಲೆ, ವಿನಾಯಿತಿ ಐತಿ. ಬೇರ್ಸ್ ತಂಡದ ಪಟ್ಟಿ ವಾರದಿಂದ ವಾರಕ್ಕ ಬದಲಾಗೋದು ಇದಕ್ಕ. ಕ್ವಿಜ್‌ನ್ಯಾಗ "ಈಗಿನ ಬೇರ್ಸ್ ಗೋಲ್‌ಕೀಪರ್ ಯಾರು" ಅನ್ನೋ ಪ್ರಶ್ನಿ ಎಂದೂ ಇಡಬ್ಯಾಡ್ರಿ. ಮುಂಜಾನೆ ಬರದಿದ್ದು ಸಂಜಿಗೆ ಸುಳ್ಳಾಗತೈತಿ.

ಇನ್ನೊಂದು ನಿಯಮ ಐತಿ, ಅದನ್ನ ಕೇಳಬಹುದು. ಪಂದ್ಯಕ್ಕ ಇಳಿಸೋ 18 ಸ್ಕೇಟರ್‌ಗಳೊಳಗ, ಅಂದ್ರ ಗೋಲ್‌ಕೀಪರ್ ಬಿಟ್ಟು, 13 ಮಂದಿ 'ಬೆಳಿಯೋ ಆಟಗಾರರು' ಇರಬೇಕು. ಅದರಾಗ 12 ಮಂದಿ 260 ವೃತ್ತಿಪರ ಪಂದ್ಯದ ಒಳಗಿನವರು, ಒಬ್ಬ 320ರ ಒಳಗಿನವ. ಲೆಕ್ಕ ಸೀಸನ್ ಶುರು ಆಗೋ ಹೊತ್ತಿಗಿಂದು. ಹಳೇ ಹುಲಿಗಳನ್ನ ತುಂಬಿ ಕಪ್ ಹೊಡಿಯೋ ದಾರಿ ಇದರಿಂದ ಬಂದ್ ಆಗೇತಿ. ಆದರೂ ಹರ್ಷಿ ಗೆಲ್ತೈತಿ ಅಂದ್ರ, ಉಳಿದ ಐದು ಜಾಗಕ್ಕ ಯಾರನ್ನ ಆರಿಸಬೇಕು ಅನ್ನೋದು ಅವರಿಗೆ ಚೊಲೋ ಗೊತ್ತೈತಿ.

ಕ್ಯಾಪಿಟಲ್ಸ್ ಮ್ಯಾಲೆ ಒಂದು ಪ್ರಶ್ನಿ ಬೇಕಂದ್ರ ಜೇ ಬೀಗಲ್ ತಗೋರಿ. 2007ರಾಗ ಐಡಹೊ ಸ್ಟೀಲ್‌ಹೆಡ್ಸ್ ಜೊತಿ ಮೂರನೇ ಹಂತದ ಇಸಿಎಚ್‌ಎಲ್ ಲೀಗಿನ ಕೆಲ್ಲಿ ಕಪ್, 2009 ಮತ್ತ 2010ರಾಗ ಹರ್ಷಿ ಜೊತಿ ಕಾಲ್ಡರ್ ಕಪ್, 2018ರಾಗ ವಾಷಿಂಗ್ಟನ್ ಜೊತಿ ಸ್ಟ್ಯಾನ್ಲಿ ಕಪ್. ಮೂರೂ ಕಪ್ ಗೆದ್ದ ಮೊದಲನೇ ಆಟಗಾರ. ಮೂರು ಮೆಟ್ಟಲದ ಪದ್ಧತಿ ಒಬ್ಬ ಮನಷ್ಯಾನ ಮ್ಯಾಲೆ ತಿಳೀತೈತಿ.

ಬ್ಯಾಡಗಿ_ಕೋಲ್ಡ್‌ಸ್ಟೋರೇಜ್ (ಹಾವೇರಿ)

ಫೋಟೋ ರೌಂಡ್‌ನ ಪ್ರಶ್ನೆ ತೆಗೆದುಬಿಡಿ. ಫ್ರಾಂಕ್ ಜಾಂಬೋನಿ ಕ್ಯಾಲಿಫೋರ್ನಿಯಾದ ಪ್ಯಾರಾಮೌಂಟ್‌ನಲ್ಲಿ ಆ ಯಂತ್ರ ಮಾಡಿದ್ದೇ 1949ರಲ್ಲಿ. ಹರ್ಷಿಯ ಅರೀನಾ ಶುರುವಾದದ್ದು 1936ರ ಡಿಸೆಂಬರ್ 19. ಆಗ ಬರ್ಫವನ್ನು ಜನ ಕೈಯಿಂದಲೇ ಹೆರೆದು, ಪುಡಿ ಗುಡಿಸಿ, ನೀರು ಹಾಯಿಸುತ್ತಿದ್ದರು.

ಆ ಕಟ್ಟಡದ ಬಗ್ಗೆಯೇ ಒಂದು ಪ್ರಶ್ನೆ ಇಡಬಹುದು. ಎಂಜಿನಿಯರ್ ಆಂಟನ್ ಟೆಡೆಸ್ಕೊ. ಕಮಾನಿನಾಕಾರದ ಕಾಂಕ್ರೀಟ್ ಚಿಪ್ಪಿನ ಚಾವಣಿ, ಚಿಪ್ಪಿನ ದಪ್ಪ ಬರೀ ಮೂರೂವರೆ ಇಂಚು. ಭಾರ ಹೊರುವುದು ಅಡ್ಡ ಕಮಾನುಗಳು, ಹಾಗಾಗಿ ಪ್ರೇಕ್ಷಕರ ನಡುವೆ ಒಂದು ಕಂಬವೂ ಅಡ್ಡ ಬರುವುದಿಲ್ಲ. ಆರ್ಥಿಕ ಕುಸಿತದ ವರ್ಷಗಳಲ್ಲಿ ಮಿಲ್ಟನ್ ಹರ್ಷಿ ಊರಿನವರಿಗೆ ಕೆಲಸ ಸಿಗಲೆಂದು ಹೋಟೆಲ್, ಸಮುದಾಯ ಭವನ, ಅರೀನಾ, ಸ್ಟೇಡಿಯಂ ಎಂದು ಒಂದರ ಹಿಂದೆ ಒಂದು ಕಟ್ಟಿಸಿದ್ದರಲ್ಲಿ ಇದೂ ಒಂದು. ಬೇರ್ಸ್ 2002ರವರೆಗೆ ಅಲ್ಲೇ ಆಡಿದರು. ಆಮೇಲೆ ಪಕ್ಕದ ಜಯಂಟ್ ಸೆಂಟರ್‌ಗೆ ಹೋದರು, ಅಲ್ಲಿ ಹಾಕಿಗೆ ಸುಮಾರು 10,500 ಆಸನ. ಊರಿನ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು, ಅಷ್ಟೇ. ಹ್ಯಾರಿಸ್‌ಬರ್ಗ್, ಲೆಬನಾನ್, ಲ್ಯಾಂಕಾಸ್ಟರ್ ಕಡೆಯ ಜನ ಬರುವುದರಿಂದ ಆಸನ ತುಂಬುತ್ತವೆ.

ಬರ್ಫ ಮಾಡುವ ವ್ಯವಸ್ಥೆ ತತ್ವದಲ್ಲಿ ನಮ್ಮ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನ ಅಮೋನಿಯಾ ಪ್ಲಾಂಟೇ. ವ್ಯತ್ಯಾಸ ಇಷ್ಟು: ಇಲ್ಲಿ ಕೋಣೆಯ ಗಾಳಿ ತಣ್ಣಗಾಗಬೇಕು, ಅಲ್ಲಿ ನೆಲ. ಕಂಪ್ರೆಸರ್, ಕಂಡೆನ್ಸರ್, ಚಿಲ್ಲರ್ ಎಲ್ಲಾ ಯಂತ್ರದ ಮನೆಯಲ್ಲೇ ಇರುತ್ತವೆ. ಚಿಲ್ಲರ್‌ನಲ್ಲಿ ತಣಿದ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರು, ಇಲ್ಲವೇ ಗ್ಲೈಕಾಲ್, ಕಾಂಕ್ರೀಟ್ ನೆಲದೊಳಗಿನ ಪೈಪುಗಳಲ್ಲಿ ಸುತ್ತುತ್ತದೆ. ಅಮೋನಿಯಾವನ್ನೇ ನೆಲದಡಿ ಓಡಿಸದಿರುವುದಕ್ಕೆ ಕಾರಣ ಹೇಳಬೇಕಿಲ್ಲ, ಹತ್ತು ಸಾವಿರ ಜನ ಕೂತಿರುವ ಜಾಗದಲ್ಲಿ ಸೋರಿದರೆ ಏನಾಗುತ್ತದೆಂದು ಪ್ಲಾಂಟ್ ನಡೆಸುವವರಿಗೆಲ್ಲ ಗೊತ್ತು.

ಲೆಕ್ಕ ಹೀಗೆ. ಎನ್‌ಎಚ್‌ಎಲ್, ಎಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ಅಂದರೆ 61 ಮೀಟರ್‌ಗೆ 26 ಮೀಟರ್, ಮೂಲೆಗಳು ದುಂಡಗೆ. ಪೈಪುಗಳ ನಡುವೆ 10 ಸೆಂಟಿಮೀಟರ್ ಅಂತರ ಹಿಡಿದರೆ ಉದ್ದಕ್ಕೆ 260 ಸಾಲು, ಒಟ್ಟು ಹತ್ತಿರ ಹತ್ತಿರ 16 ಕಿಲೋಮೀಟರ್ ಪೈಪ್. ಬರ್ಫದ ದಪ್ಪ ಎರಡೂವರೆಯಿಂದ ಮೂರು ಸೆಂಟಿಮೀಟರ್. ಅದಕ್ಕೆ ಬೇಕಾಗುವ ನೀರು 38,000ದಿಂದ 45,000 ಲೀಟರ್. ಉಪ್ಪುನೀರು ಮೈನಸ್ 9 ಡಿಗ್ರಿಯ ಸುಮಾರಿಗೆ ಹೋಗಬೇಕು, ಆಗ ಬರ್ಫದ ಮೇಲ್ಮೈ ಮೈನಸ್ 4ರಿಂದ ಮೈನಸ್ 6ರ ಒಳಗೆ ನಿಲ್ಲುತ್ತದೆ. ಅದಕ್ಕಿಂತ ಬೆಚ್ಚಗಾದರೆ ಮೇಲೆ ನೀರು ಬಿಟ್ಟು ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಹಿಡಿಯುತ್ತದೆ, ಸ್ಕೇಟ್ ಹೂತುಕೊಳ್ಳುತ್ತದೆ. ತೀರ ತಣ್ಣಗಾದರೆ ಬರ್ಫ ಗಡುಸಾಗಿ ಸ್ಕೇಟಿನ ಅಲಗಿಗೆ ಚಕ್ಕೆ ಏಳುತ್ತದೆ.

ನೀರನ್ನು ಒಮ್ಮೆಲೇ ತುಂಬಿಸಿ ಹೆಪ್ಪುಗಟ್ಟಿಸುವುದಿಲ್ಲ. ಮೊದಲ ಪದರಗಳನ್ನು ಹನಿ ಸಿಂಪಡಿಸಿಯೇ ಕಟ್ಟುತ್ತಾರೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಅದರ ಮೇಲೆ ಬಿಳಿ ಬಣ್ಣ, ಬಣ್ಣ ಕದಡದ ಹಾಗೆ ಮತ್ತೆ ತೆಳು ಪದರ, ಆಮೇಲೆ ಕೆಂಪು-ನೀಲಿ ಗೆರೆ, ಲಾಂಛನ, ಕೊನೆಗೆ ಮೇಲಿನ ಪದರಗಳು. ದಪ್ಪಗೆ ಸುರಿದರೆ ಗಾಳಿಯ ಗುಳ್ಳೆ ಒಳಗೇ ಸಿಕ್ಕಿ ಬರ್ಫ ಮಸುಕಾಗುತ್ತದೆ, ಒಡೆಯುತ್ತದೆ. ಪಂದ್ಯದ ನಡುವೆ ಗಾಡಿ ಹಾಕುವುದು ಬಿಸಿನೀರು: ಅದು ಮೇಲಿನ ಗೀರುಗಳನ್ನು ಚೂರು ಕರಗಿಸಿ ಹಳೆಯ ಬರ್ಫಕ್ಕೆ ಬೆಸೆದುಕೊಳ್ಳುತ್ತದೆ, ಕರಗಿದ ಗಾಳಿಯೂ ಅದರಲ್ಲಿ ಕಡಿಮೆ.

ಹಳೆಯ ರಿಂಕ್‌ಗಳು ಕೆಡುವುದು ಎರಡು ಕಡೆ. ಒಂದು, ನೆಲದಡಿಯ ಮಣ್ಣು. ವರ್ಷಗಟ್ಟಲೆ ಚಳಿ ಇಳಿದು ಮಣ್ಣಿನ ತೇವ ಹೆಪ್ಪುಗಟ್ಟಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಎತ್ತುತ್ತದೆ; ಬರ್ಫದ ದಪ್ಪ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತದೆ. ಅದಕ್ಕೆ ಕಾಂಕ್ರೀಟ್ ಕೆಳಗೆ ಇನ್ಸುಲೇಷನ್, ಅದರ ಕೆಳಗೆ ಬೆಚ್ಚಗಿನ ದ್ರವ ಓಡಿಸುವ ಪೈಪು ಬೇಕು. ಎರಡು, ತೇವದ ಗಾಳಿ. ಹೊರಗಿನ ಬಿಸಿ ಗಾಳಿ ಒಳಗೆ ನುಗ್ಗಿದರೆ ಬರ್ಫದ ಮೇಲೆ ಮಂಜು ಕವಿಯುತ್ತದೆ. ಕಾಲ್ಡರ್ ಕಪ್ ಫೈನಲ್ ಜೂನ್‌ನಲ್ಲಿ ನಡೆಯುವುದರಿಂದ ಆಗ ಗಾಳಿಯ ತೇವ ತೆಗೆಯುವ ಯಂತ್ರ ಪೂರಾ ಹೊತ್ತು ಓಡಲೇಬೇಕು.

ಉಣಕಲ್_ಕ್ವಿಜ್ (ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ ಎಲ್ಲಾರದೂ. ಜಾಂಬೋನಿ ತೆಗೀತೀನಿ, ಬೀಗಲ್ ಸೇರಸ್ತೀನಿ.

ಇನ್ನ ಎರಡು ಕೇಳೋದೈತಿ. "ಬೇರ್ಸ್ ಇತಿಹಾಸದಾಗ ಎಲ್ಲಕ್ಕಿಂತ ಚೊಲೋ ಸೀಸನ್ ಯಾವುದು" ಅಂತ ಇಟ್ರ 2009-10 ಅನ್ನಬಹುದ್ರಿ? ಪಟ್ಟಿಯೊಳಗ 60-17-0-3 ಅಂತ ಐತಿ, ಕಡೀ ಎರಡು ಅಂಕಿ ಏನು ಅನ್ನೋದು ಗೊತ್ತಾಗ್ಲಿಲ್ಲ. ಟೆಡ್ಡಿ ಬೇರ್ ಉತ್ತರ ಯಾರೂ ಹೇಳಿಲ್ಲ. ಮತ್ತ ಗದಗಿನ ಹುಡುಗ್ರಿಗೆ ಹತ್ತಿರ ಆಗೋವಂಥಾದ್ದು ಒಂದು ಸುಲಭ ಪ್ರಶ್ನಿ ಇದ್ರ ಕೊಡ್ರಿ.

ನೀಲಿಗೆರೆ (ಧಾರವಾಡ)

ಆ ನಾಲ್ಕು ಅಂಕಿ: ಗೆಲುವು, ಮಾಮೂಲಿ ಸೋಲು, ಓವರ್‌ಟೈಮ್ (ಹೆಚ್ಚುವರಿ ಸಮಯ) ಸೋಲು, ಶೂಟ್‌ಔಟ್ (ಅದರಲ್ಲೂ ತೀರದಿದ್ದರೆ ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಹೊಡೆಯುವುದು) ಸೋಲು. ಗೆಲುವಿಗೆ 2 ಪಾಯಿಂಟ್, ಕೊನೆಯ ಎರಡು ಬಗೆಯ ಸೋಲಿಗೆ ತಲಾ 1. 60 ಗೆಲುವಿನಿಂದ 120, ಶೂಟ್‌ಔಟ್ ಸೋಲಿನಿಂದ 3, ಒಟ್ಟು 123. ಹಳೆಯ ಸೀಸನ್‌ಗಳಲ್ಲಿ ಮೂರೇ ಅಂಕಿ ಇರುತ್ತವೆ, ಅಲ್ಲಿ ಮೂರನೆಯದು ಡ್ರಾ. ಹಳೆಯ ಪಟ್ಟಿಯನ್ನು ಹೊಸ ಪಟ್ಟಿಯ ಹಾಗೆ ಓದಿದರೆ ಡ್ರಾಗಳೆಲ್ಲ ಓವರ್‌ಟೈಮ್ ಸೋಲಾಗಿಬಿಡುತ್ತವೆ.

"ಚೊಲೋ ಸೀಸನ್" ಎಂದು ಕೇಳಬೇಡಿ. 2009-10ರಲ್ಲಿ 80 ಪಂದ್ಯಕ್ಕೆ 123 ಪಾಯಿಂಟ್, ಸಿಗಬಹುದಾಗಿದ್ದ 160ರಲ್ಲಿ .769. 2023-24ರಲ್ಲಿ 53-14-0-5, 72 ಪಂದ್ಯಕ್ಕೆ 111, ಅಂದರೆ 144ರಲ್ಲಿ .771. ಗೆಲುವಿನ ಸಂಖ್ಯೆ ನೋಡಿದರೆ ಮೊದಲನೆಯದು, ಸರಾಸರಿ ನೋಡಿದರೆ ಎರಡನೆಯದು. ಎರಡು ಸಲವೂ ಕಪ್ ಗೆದ್ದಿದ್ದಾರೆ. ಲೀಗ್‌ನಲ್ಲಿ ಒಂದು ಸೀಸನ್‌ಗೆ ಅತಿ ಹೆಚ್ಚು ಗೆಲುವು 60 ಎಂಬುದು ಗಟ್ಟಿ ದಾಖಲೆ, ಅದನ್ನು ಕೇಳಿ. ಇಲ್ಲವೇ 1988 ಕೇಳಿ: ಜಾನ್ ಪ್ಯಾಡಕ್ ಕೋಚ್ ಆಗಿದ್ದಾಗ ಪ್ಲೇ-ಆಫ್‌ನಲ್ಲಿ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ) ಮೂರು ಸರಣಿ, 12 ಪಂದ್ಯ, 12 ಗೆಲುವು. ನನ್ನ ಮಟ್ಟಿಗೆ ತಂಡದ ಇಡೀ ಇತಿಹಾಸದಲ್ಲಿ ಇದಕ್ಕೆ ಸಮನಾದದ್ದಿಲ್ಲ. ಈಚಿನದು ಬೇಕೆಂದರೆ 2023: ಕೋಚೆಲಾ ವ್ಯಾಲಿ ಫೈರ್‌ಬರ್ಡ್ಸ್ ಮೇಲೆ ಏಳನೆಯ ಪಂದ್ಯ, ಓವರ್‌ಟೈಮ್, ಮೈಕ್ ವೆಕಿಯೋನ್ ಗೋಲ್. ಮರುವರ್ಷ ಅದೇ ಎದುರಾಳಿ, ಈ ಸಲ ಆರನೆಯ ಪಂದ್ಯದಲ್ಲೇ ಮುಗಿಯಿತು, ಮತ್ತೆ ಓವರ್‌ಟೈಮ್.

2020, 2021ರ ಕಪ್ ಯಾರಿಗೆ ಎಂದು ಯಾರಾದರೂ ಕೇಳಿದರೆ, ಕೋವಿಡ್‌ನಿಂದಾಗಿ ಎರಡು ವರ್ಷವೂ ಕೊಟ್ಟಿಲ್ಲ. 2020-21ರ ಚುಟುಕು ಸೀಸನ್‌ನಲ್ಲಿ ಅಗ್ರಸ್ಥಾನ ಹರ್ಷಿಯದೇ, ಅದು ಕಪ್ ಲೆಕ್ಕಕ್ಕೆ ಬರುವುದಿಲ್ಲ. ಕೆಲವರು 14 ಎಂದು ಎಣಿಸಿಬಿಡುತ್ತಾರೆ.

ಟೆಡ್ಡಿ ಬೇರ್: ಸ್ವಂತ ತಂಡ ಮೊದಲ ಗೋಲ್ ಹೊಡೆದ ಕೂಡಲೇ ಪ್ರೇಕ್ಷಕರು ಮೆತ್ತನೆ ಗೊಂಬೆಗಳನ್ನು ಬರ್ಫದ ಮೇಲೆ ಎಸೆಯುತ್ತಾರೆ, ಅವು ದಾನಕ್ಕೆ ಹೋಗುತ್ತವೆ. ಇದನ್ನು ಶುರು ಮಾಡಿದ್ದು ಹರ್ಷಿ ಅಲ್ಲ, 1993ರಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್ ಬ್ಲೇಜರ್ಸ್. ಹರ್ಷಿಯ ಲೆಕ್ಕ 2023ರ ಜನವರಿಯಲ್ಲಿ 67,309, 2024ರ ಜನವರಿಯಲ್ಲಿ 74,599, 2025ರ ಜನವರಿ 5ರಂದು 1,02,343. ಪ್ರತಿ ಚಳಿಗಾಲ ಬದಲಾಗಬಹುದಾದ ಅಂಕಿ ಇದು. "ದಾಖಲೆ ಎಷ್ಟು" ಎನ್ನದೆ, "ಒಂದು ಲಕ್ಷದ ಗಡಿ ದಾಟಿದ್ದು ಯಾವ ವರ್ಷ" ಎಂದು ಕೇಳಿ, ಆ ಉತ್ತರ ಹಳತಾಗುವುದಿಲ್ಲ.

ಬೆಟಗೇರಿ_ಸ್ಟಿಕ್ (ಗದಗ)

ನಮ್ಮ ಹುಡುಗ್ರಿಗೆ ಸುಲಭ ಪ್ರಶ್ನಿ ಅಂದ್ರ ತೂಕದ್ದು ಕೇಳ್ರಿ. ಹಾಕಿ ಚೆಂಡು 156ರಿಂದ 163 ಗ್ರಾಂ. ಐಸ್ ಹಾಕಿಯ ರಬ್ಬರ್ ಪಕ್ ಐದೂವರೆಯಿಂದ ಆರು ಔನ್ಸ್, ಅಂದ್ರ 156ರಿಂದ 170 ಗ್ರಾಂ. ಕೆಳಗಿನ ಮಿತಿ ಎರಡಕ್ಕೂ ಒಂದ. ಪಕ್ ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪಂದ್ಯದ ಮೊದಲ ಅದನ್ನ ಫ್ರೀಜ್ ಮಾಡಿ ಇಡತಾರ, ಯಾಕಂದ್ರ ಬೆಚ್ಚಗಿನ ರಬ್ಬರ್ ಪುಟಿತೈತಿ, ತಣ್ಣಂದು ಪುಟಿಯದ ಬರ್ಫದ ಮ್ಯಾಲೆ ಜಾರತೈತಿ.

ಒಂದು ಎಚ್ಚರಿಕಿ. "ಎಷ್ಟು ಆಟಗಾರರು" ಅಂತ ಕೇಳಿದ್ರ 6 ಅನ್ನೋರೂ ಇರತಾರ, 20 ಅನ್ನೋರೂ ಇರತಾರ. ಬರ್ಫದ ಮ್ಯಾಲೆ ಒಂದು ಹೊತ್ತಿಗೆ ಗೋಲ್‌ಕೀಪರ್ ಸೇರಿ 6, ಪಂದ್ಯಕ್ಕ ಹೆಸರು ಕೊಡೋದು 18 ಸ್ಕೇಟರ್ ಮತ್ತ 2 ಗೋಲ್‌ಕೀಪರ್. ನಮ್ಮ ಹಾಕಿಯೊಳಗ 15 ಮಿನಿಟಿನ ನಾಕು ಭಾಗ, ಅಲ್ಲಿ 20 ಮಿನಿಟಿನ ಮೂರು. ಎರಡರಾಗೂ ಒಟ್ಟು 60 ಮಿನಿಟ ಆಗತೈತಿ, ಆದ್ರ ಅಲ್ಲಿ ಶಿಳ್ಳಿ ಊದಿದಾಗೆಲ್ಲಾ ಗಡಿಯಾರ ನಿಲ್ಲತೈತಿ. ಸಬ್‌ಸ್ಟಿಟ್ಯೂಷನ್ ಆಟ ನಡದಾಗನ ಆಗೋದು ಎರಡರಾಗೂ ಐತಿ, ಅದನ್ನ ಫರಕು ಅಂತ ಬರೀಬ್ಯಾಡ್ರಿ.

ಮ್ಯಾಥರ್ಸ್ ಬಗ್ಗೆ ಯಾರೂ ಬರೀಲಿಲ್ಲ, ಅವರನ್ನ ಬಿಟ್ಟು ಬೇರ್ಸ್ ರೌಂಡ್ ಮಾಡಬ್ಯಾಡ್ರಿ. ಫ್ರಾಂಕ್ ಮ್ಯಾಥರ್ಸ್ 1956ರಾಗ ಆಟಗಾರ ಮತ್ತ ಕೋಚ್ ಎರಡೂ ಆಗಿ ಬಂದರು, 1958, 59ರಾಗ ಕಪ್ ಗೆಲ್ಲಿಸಿದರು, ಕೋಚ್ ಆಗಿ 1969ರಾಗ ಮತ್ತೊಂದು. 1973ಕ್ಕ ಕೋಚಿಂಗ್ ಬಿಟ್ಟು ಆಡಳಿತಕ್ಕ ಹೋಗಿ 1991ರ ತನಕ ಇದ್ದರು. 1992ರಾಗ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದ್ದು 'ಬಿಲ್ಡರ್', ಅಂದ್ರ ಆಟ ಕಟ್ಟಿ ಬೆಳಸಿದವರ ವಿಭಾಗದಾಗ, ಆಟಗಾರರ ವಿಭಾಗದಾಗ ಅಲ್ಲ. ಪ್ರಶ್ನಿ ಬರಿಯುವಾಗ ಆ ವಿಭಾಗ ಸ್ಪಷ್ಟ ಹಾಕ್ರಿ.

ಉಣಕಲ್_ಕ್ವಿಜ್ (ಹುಬ್ಬಳ್ಳಿ)

ತಿದ್ದಿದ ಪಟ್ಟಿ ಹಿಂಗೈತಿ, ಕಡೀ ಸಲ ನೋಡ್ರಿ. ವೃತ್ತಿಪರ ಲೀಗಿನ್ಯಾಗ ಮೊದಲ ಸೀಸನ್ (1938-39). ಆಗ ಆ ಲೀಗಿನ ಹೆಸರು (ಇಂಟರ್‌ನ್ಯಾಷನಲ್-ಅಮೆರಿಕನ್ ಹಾಕಿ ಲೀಗ್). 2024ರ ಫೈನಲ್ ಮುಗಿದಾಗ ಕಾಲ್ಡರ್ ಕಪ್ ಎಷ್ಟು (13). ತಂಡದ ಮಾಲೀಕರು (ಹರ್ಷಿ ಎಂಟರ್‌ಟೇನ್‌ಮೆಂಟ್ ಅಂಡ್ ರೆಸಾರ್ಟ್ಸ್). 12ಕ್ಕ 12 ಗೆದ್ದ ಪ್ಲೇ-ಆಫ್ ವರ್ಷ (1988). ಟೆಡ್ಡಿ ಬೇರ್ ಒಂದು ಲಕ್ಷ ದಾಟಿದ ವರ್ಷ (2025). ಮೂರು ಹಂತದ ಮೂರೂ ಕಪ್ ಗೆದ್ದ ಮೊದಲ ಆಟಗಾರ (ಜೇ ಬೀಗಲ್). ಮ್ಯಾಥರ್ಸ್ ಹಾಲ್ ಆಫ್ ಫೇಮ್ ವಿಭಾಗ (ಬಿಲ್ಡರ್). ಚೆಂಡು-ಪಕ್ ತೂಕ. ಫೋಟೋ ರೌಂಡಿಗೆ 1936ರ ಕಾಂಕ್ರೀಟ್ ಚಾವಣಿ. ಕಡೀಕ ವಿಲ್ಟ್ ಚೇಂಬರ್ಲಿನ್.

ನೀಲಿಗೆರೆ (ಧಾರವಾಡ)

ಎರಡು ಸಣ್ಣ ತಿದ್ದುಪಡಿ. ಬೀಗಲ್ ಪ್ರಶ್ನೆಯಲ್ಲಿ ಕಪ್‌ಗಳ ಹೆಸರು ಮೂರನ್ನೂ ಬರೆಯಿರಿ: ಕೆಲ್ಲಿ, ಕಾಲ್ಡರ್, ಸ್ಟ್ಯಾನ್ಲಿ. "ಮೂರು ಹಂತ" ಎಂದಷ್ಟೇ ಇದ್ದರೆ, ಕೆಲ್ಲಿ ಕಪ್‌ಗಿಂತ ಮೊದಲಿದ್ದ ಕೆಳ ಲೀಗ್‌ಗಳ ಹೆಸರು ಹಿಡಿದು ಯಾರಾದರೂ ಜಗಳ ತೆಗೆಯಬಹುದು. ಚೇಂಬರ್ಲಿನ್ ಪ್ರಶ್ನೆಗೆ ಉಪಪ್ರಶ್ನೆ ಬೇಕಾದರೆ: 1962ರ ಮಾರ್ಚ್ 2, ಫಿಲಡೆಲ್ಫಿಯಾ ವಾರಿಯರ್ಸ್ 169, ನ್ಯೂಯಾರ್ಕ್ ನಿಕ್ಸ್ 147, ಪ್ರೇಕ್ಷಕರು 4,124. ಅದು 1936ರಲ್ಲಿ ಕಟ್ಟಿದ ಹಳೆಯ ಅರೀನಾ. ಫೋಟೋಗೆ ಜಯಂಟ್ ಸೆಂಟರ್‌ನ ಚಿತ್ರ ಹಾಕಿಬಿಟ್ಟೀರಿ, ನೋಡಿಕೊಳ್ಳಿ. ಹಳೆಯದರ ಚಾವಣಿ ಹೊರಗಿನಿಂದಲೂ ಕಮಾನಿನ ಹಾಗೆಯೇ ಕಾಣುತ್ತದೆ, ಅದೇ ಗುರುತು.